ಹತ್ತನೇ ನಂಬರಿನ ಶೂ

ಗೇಟು ತೆಗೆದ ಲಿಸ್ಟ್ ಸಾಹೇಬ ಮೊದಲು ನೋಡಿದ್ದು ಮನೆಯನ್ನಲ್ಲ, ಹೆಂಡತಿಯನ್ನಂತೂ ಅಲ್ಲವೇ ಅಲ್ಲ. ಬಾಗಿಲ ಪಕ್ಕದ ನೆಲವನ್ನು. ಅಲ್ಲಿ ಒಂದು ಕಾಲೊರಸು ಇತ್ತು, ಮೂಲೆಯಲ್ಲಿ ಒಂದು ಕೊಡೆ ಇತ್ತು. ಬೇರೇನೂ ಇರಲಿಲ್ಲ.

ಎತ್ತಿಟ್ಟಿದ್ದಾಳೆ, ಎಂದುಕೊಂಡ. ಹತ್ತು ಗಂಟೆಗೆ ನಾನು ಬರುತ್ತೇನೆಂದು ಅವಳ ವಕೀಲಮ್ಮ ಮೊದಲೇ ಫೋನು ಮಾಡಿದ್ದಾರಲ್ಲ, ಎತ್ತಿಡದೆ ಇರುತ್ತಾಳೆಯೇ? ಎರಡು ವರ್ಷದಿಂದ ಹೊಟ್ಟೆಯಲ್ಲಿ ಆರದೆ ಉಳಿದಿದ್ದ ಕೆಂಡ ಮತ್ತೆ ಹೊಗೆಯಾಡಿತು.

ಮಿಲಿಟರಿಯಲ್ಲಿ ಇಪ್ಪತ್ತೆರಡು ವರ್ಷ ಅವನು ಬಂದೂಕು ಹಿಡಿದದ್ದಕ್ಕಿಂತ ರಿಜಿಸ್ಟರು ಹಿಡಿದದ್ದೇ ಹೆಚ್ಚು. ಸ್ಟೋರಿನವನು. ಕಂಬಳಿ, ಬೆಲ್ಟು, ಬಕೆಟ್ಟು, ಬೂಟು ಎಲ್ಲ ಅವನ ಕೈಯಿಂದಲೇ ಹೋಗಬೇಕು, ಅವನ ಕೈಗೇ ಬರಬೇಕು. ಲಿಸ್ಟಿಲ್ಲದೆ ಸೂಜಿಯನ್ನೂ ಕೊಡುತ್ತಿರಲಿಲ್ಲವಾದ್ದರಿಂದ ಪಡೆಯವರೆಲ್ಲ ಸೇರಿ ಲಿಸ್ಟ್ ಸಾಹೇಬ ಎಂದು ಹೆಸರಿಟ್ಟಿದ್ದರು. ಅದರಲ್ಲೂ ಬೂಟು ಅವನ ವಿದ್ಯೆ. ಹೊಸ ಹುಡುಗರು ಸಾಲಾಗಿ ನಿಂತರೆ ಅಳತೆಪಟ್ಟಿ ಮುಟ್ಟದೆ, "ನೀನು ಎಂಟು, ನೀನು ಏಳು, ನಿಂದು ಎಡಗಾಲು ಅರ್ಧ ನಂಬರ್ ಜಾಸ್ತಿ," ಎನ್ನುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ. ಹಳೆ ಬೂಟು ವಾಪಸು ಬಂದರೆ ಹಿಮ್ಮಡಿ ಸವೆದದ್ದನ್ನು ನೋಡಿ ಅದನ್ನು ಹಾಕಿದವನು ಸೋಮಾರಿಯೋ ಚುರುಕೋ ಎಂದು ಹೇಳಿಬಿಡುತ್ತಿದ್ದ.

ಇಂಥವನ ಸಂಸಾರ ಮುರಿದದ್ದೂ ಒಂದು ಜೊತೆ ಶೂಗಳಿಂದಲೇ.

ನಾಲ್ಕು ವರ್ಷದ ಹಿಂದೆ ಮೆಸ್ಸಿನ ಅಡುಗೆಯವನು ರಜೆಗೆ ಇದೇ ಊರಿನ ಕಡೆ ಬರುವವನಿದ್ದ. ಅವನ ಕೈಲಿ ಮನೆಗೆ ಎರಡು ಕಂಬಳಿ ಕಳಿಸಿದ್ದ. ಹಿಂತಿರುಗಿ ಬಂದ ಅಡುಗೆಯವನು ಸೌಟು ತಿರುಗಿಸುತ್ತಲೇ ಕೇಳಿದ: "ಸಾಹೇಬ್ರೇ, ಮನೇಲಿ ನಿಮ್ಮ ಭಾವಮೈದ ಇದ್ದಾರಾ? ಬಾಗಿಲಲ್ಲಿ ದೋಣಿ ದೋಣಿಯಂಥ ಶೂ ಇತ್ತಲ್ಲ!"

ಸಾಹೇಬನ ಹೆಂಡತಿ ಒಬ್ಬಳೇ ಮಗಳು. ಭಾವಮೈದ ಎಲ್ಲಿಂದ ಬರಬೇಕು? ನೇರವಾಗಿ ಕೇಳಿ ಕಾಗದ ಬರೆಯಬಹುದಿತ್ತು, ಬರೆಯಲಿಲ್ಲ. ಮಾತು ಬೆಳ್ಳಿ ಮೌನ ಬಂಗಾರ ಎಂದು ದೊಡ್ಡವರು ಹೇಳಿದ್ದನ್ನು ಈ ಮಹಾನುಭಾವ ಇಂಥ ಕಡೆಯೇ ಪಾಲಿಸಬೇಕೆ! ಆಮೇಲೆ ಮೂರು ಸಲ ರಜೆಗೆ ಬಂದ. ಬರುವ ದಿನವನ್ನು ಮೊದಲೇ ತಿಳಿಸಿ ಬರುವುದು ಅವನ ಪದ್ಧತಿ. ಮೂರು ಸಲವೂ ಬಾಗಿಲಲ್ಲಿ ಶೂ ಇರಲಿಲ್ಲ. ಇದ್ದಿದ್ದರೆ ಕೇಳಿಬಿಡುತ್ತಿದ್ದನೋ ಏನೋ, ಇಲ್ಲದ್ದೇ ಅವನ ಅನುಮಾನಕ್ಕೆ ಗೊಬ್ಬರ ಹಾಕಿತು. ನಾನು ಬಂದಾಗ ಮಾತ್ರ ಮಾಯವಾಗುವ ಶೂ ಎಂದರೆ ಏನರ್ಥ?

ಎರಡು ವರ್ಷದ ಹಿಂದೆ, ನಾಲ್ಕನೆಯ ಸಲ, ಹೇಳದೆ ಕೇಳದೆ ಬಂದ. ಮಧ್ಯಾಹ್ನ ಮೂರು ಗಂಟೆ. ಟ್ರಂಕು ಹೆಗಲ ಮೇಲಿತ್ತು. ಗೇಟಿನಿಂದ ಬಾಗಿಲಿಗೆ ಎಂಟು ಹೆಜ್ಜೆ. ಕಂಡೇಬಿಟ್ಟವು. ಕರಿ ಬಣ್ಣ, ಪಾಲಿಶು ಹೊಡೆದು ಫಳಫಳ, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಯಾರೋ ಈಗಷ್ಟೇ ಕಳಚಿ ಆರಾಮಾಗಿ ಒಳಗೆ ಹೋದ ಹಾಗೆ. ಹತ್ತನೇ ನಂಬರ್. ಇವನದು ಏಳು.

ಗುಂಡಿನ ಸದ್ದಿಗೆ ಹೆದರದವನು ಆ ಬಾಗಿಲಿಗೆ ಹೆದರಿದ. ಬಡಿದರೆ ಯಾರು ತೆಗೆಯುತ್ತಾರೋ! ಒಳಗಿನಿಂದ ಒಬ್ಬ ಆರಡಿ ಆಳು ಆಕಳಿಸುತ್ತ ಬಂದು "ಯಾರು ಬೇಕಾಗಿತ್ತು?" ಎಂದು ಕೇಳಿದರೆ, ನನ್ನದೇ ಮನೆ ಬಾಗಿಲಲ್ಲಿ ನಾನು ಯಾರೆಂದು ಹೇಳಲಿ? ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿದ. ರಜೆಯ ಹನ್ನೆರಡು ದಿನವನ್ನೂ ಸ್ಟೇಷನ್ ಹತ್ತಿರದ ಮಿಲಿಟರಿ ಕ್ಯಾಂಪಿನಲ್ಲಿ ಕಳೆದ. ಹಗಲೆಲ್ಲ ಹೆಂಡತಿಯ ಕಣ್ಣು ತಪ್ಪಿಸಿ ಮನೆಯ ಸುತ್ತಲಿನ ಬೀದಿಗಳಲ್ಲಿ ಅಲೆದು ಗಂಡಸರ ಕಾಲು ನೋಡಿದ. ಹೆಂಡತಿ ಕೆಲಸ ಮಾಡುವ ಕನ್ನಡಕದ ಅಂಗಡಿಯ ಮಾಲೀಕ ಆರು. ಔಷಧಿ ಅಂಗಡಿಯವನು ಎಂಟು. ಬ್ಯಾಂಕಿನ ಕಾವಲುಗಾರ ಒಂಬತ್ತೂವರೆ, ಅವನ ಹಿಂದೆ ಎರಡು ದಿನ ಸುತ್ತಿದ. ಆ ಪಾಪದವನು ಕೊನೆಗೆ ನಿಂತು, "ಯಾಕಣ್ಣ, ನನ್ನ ಕಾಲಿಗೇನಾಗಿದೆ?" ಎಂದು ಕೇಳಿಯೂಬಿಟ್ಟ. ಹತ್ತರವನು ಸಿಗಲಿಲ್ಲ. ಸಿಗದವನ ಮೇಲಿನ ಹೊಟ್ಟೆಕಿಚ್ಚು ಸಿಕ್ಕವನ ಮೇಲಿನದಕ್ಕಿಂತ ಹೆಚ್ಚು, ಯಾಕೆಂದರೆ ಅವನಿಗೆ ಎಂಥ ಮುಖ ಬೇಕಾದರೂ ಇಡಬಹುದು. ಸಾಹೇಬ ಅವನಿಗೆ ಒಳ್ಳೆಯ ಮುಖವನ್ನೇ ಇಟ್ಟ, ತುಂಬ ಕೂದಲನ್ನೂ ಕೊಟ್ಟ.

ಪಡೆಗೆ ಮರಳಿದ ಮೇಲೆ ಕಾಗದ ನಿಲ್ಲಿಸಿದ. ಮತ್ತೆ ರಜೆಗೆ ಬರಲಿಲ್ಲ. ನಿವೃತ್ತಿಗೆ ಆರು ತಿಂಗಳಿದೆ ಎನ್ನುವಾಗ ವಕೀಲರ ಕೈಲಿ ವಿಚ್ಛೇದನದ ನೋಟಿಸು ಕಳಿಸಿದ. ಹೆಂಡತಿ ಯಾಕೆ, ಏನು ಎಂದು ಒಂದು ಮಾತೂ ಕೇಳದೆ ಒಪ್ಪಿ ಸಹಿ ಹಾಕಿದಳು. ಅದನ್ನೂ ಅವನು ಸಾಕ್ಷಿಯ ಲೆಕ್ಕಕ್ಕೇ ಸೇರಿಸಿಕೊಂಡ.

ಪಿಂಚಣಿಯ ವಿಷಯ, ಮಗಳ ಓದಿನ ವಿಷಯ ತೀರ್ಮಾನವಾಗಿತ್ತು. ಉಳಿದದ್ದು ಮನೆ, ಮನೆಯೊಳಗಿನ ಸಾಮಾನು. ಮನೆ ಇಬ್ಬರ ಹೆಸರಲ್ಲಿತ್ತು. ಪಿಂಚಣಿಯಲ್ಲಿ ತನಗೆ ಬರುವ ಪಾಲನ್ನು ಬಿಟ್ಟುಕೊಡುತ್ತೇನೆ, ಮನೆಯೊಂದು ನನಗಿರಲಿ ಎಂದು ಅವಳು ವಕೀಲಮ್ಮನ ಕೈಲಿ ಹೇಳಿಸಿದ್ದಳು. ಇವನು ಒಪ್ಪಲಿಲ್ಲ. "ಮಾರಬೇಕು. ಮಾರಿ ಭಾಗ ಮಾಡಬೇಕು." ಇದರಿಂದ ತನಗೇ ನಷ್ಟ ಎಂದು ಅವನಿಗೆ ಗೊತ್ತಿತ್ತು. ಆದರೆ ನಾನು ಕಟ್ಟಿಸಿದ ಮನೆಯಲ್ಲಿ ಆ ಹತ್ತನೇ ನಂಬರಿನವನು ಕಾಲು ಚಾಚಿ ಮಲಗುವುದೆಂದರೇನು? ಇಟ್ಟಿಗೆ ಇಟ್ಟಿಗೆ ಬೇರೆಯಾದರೂ ಸರಿ, ಅದಾಗಕೂಡದು.

ಸೋಮವಾರ ಕೋರ್ಟು. ಅದರೊಳಗೆ ಇಬ್ಬರೂ ಕೂತು ಸಾಮಾನಿನ ಪಟ್ಟಿ ಮಾಡಿ ಸಹಿ ಹಾಕಿ ತರಬೇಕು, ಮನೆ ಮಾರುವುದೋ ಇಡುವುದೋ ಎಂಬುದನ್ನೂ ಅದರಲ್ಲೇ ಬರೆಯಬೇಕು ಎಂದು ವಕೀಲಮ್ಮ ಹೇಳಿದ್ದರು. ಲಿಸ್ಟು ಎಂದೊಡನೆ ಸಾಹೇಬನಿಗೆ ಹೊಸ ರಕ್ತ ಬಂತು. ಮಿಲಿಟರಿಯಲ್ಲಿ ಒಂದು ಕ್ವಾರ್ಟರ್ಸು ಬಿಡುವಾಗ ಬಿಡುವವನೂ ಬರುವವನೂ ರಿಜಿಸ್ಟರು ಹಿಡಿದು ಕೋಣೆ ಕೋಣೆ ಸುತ್ತುತ್ತಾರೆ. ಒಬ್ಬ ಓದಬೇಕು, ಒಬ್ಬ ಮುಟ್ಟಿ ನೋಡಬೇಕು. ವಸ್ತು, ಸಂಖ್ಯೆ, ಸ್ಥಿತಿ. ಕೊನೆಗೆ ಕೊಟ್ಟವರ ಸಹಿ, ಪಡೆದವರ ಸಹಿ. ಅವನ ಕಂಕುಳಲ್ಲಿ ಅಂಥದೇ ಒಂದು ರಿಜಿಸ್ಟರು ಇತ್ತು, ಜೇಬಿನಲ್ಲಿ ಎರಡು ಪೆನ್ನು.

ಒಂದಾದ ಮೇಲೊಂದು ಮೂರು ಚಿಲಕ ಸರಿದ ಸದ್ದಾಗಿ ಬಾಗಿಲು ತೆರೆಯಿತು.

"ಬನ್ನಿ," ಎಂದಳು ಹೆಂಡತಿ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ ತೂಗುತ್ತಿತ್ತು. ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎನ್ನುತ್ತಾರೆ. ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಊರಿನ ಅರ್ಧ ಕಣ್ಣುಗಳಿಗೆ ದಾರಿ ತೋರಿಸಿದವಳು.

"ಹಗಲು ಹೊತ್ತಲ್ಲೂ ಮೂರು ಚಿಲಕ ಯಾಕೆ?"

"ಇರಲಿ ಅಂತ."

ಯಾರನ್ನು ಒಳಗಿಟ್ಟುಕೊಂಡು ಹಾಕಿಕೊಳ್ಳಲು, ಎಂಬ ಮಾತು ಅವನ ನಾಲಿಗೆ ತುದಿಗೆ ಬಂದು ನಿಂತಿತು. "ಚಿಲಕ, ಮೂರು, ಸ್ಥಿತಿ ಒಳ್ಳೆಯದು," ಎಂದು ಬರೆದುಕೊಂಡ.

ಮಗಳು ಕಾಲೇಜಿಗೆ ಹೋಗಿದ್ದಳು. ಹಾಲಿನಿಂದ ಶುರುವಾಯಿತು. ಕುರ್ಚಿ, ನಾಲ್ಕು. ಮೇಜು, ಒಂದು, ಒಂದು ಕಾಲು ಅಲ್ಲಾಡುತ್ತದೆ. ಪ್ರತಿಯೊಂದಕ್ಕೂ ಸಾಹೇಬನದು ಒಂದೇ ಪ್ರಶ್ನೆ.

"ಈ ಫ್ಯಾನು ಯಾರು ಹಾಕಿದ್ದು?"

"ಕರೆಂಟಿನವನು."

"ಎತ್ತರದವನಾ?"

"ಏಣಿ ತಂದಿದ್ದ," ಎಂದಳು ಅವಳು. "ಫ್ಯಾನು ಒಂದು ಅಂತ ಬರ್ಕೊಳ್ಳಿ. ಕರೆಂಟಿನವನನ್ನೂ ಬರೀತೀರಾ?"

ಅಡುಗೆಮನೆಯಲ್ಲಿ ತಟ್ಟೆ ಆರು, ಲೋಟ ಆರು. ತಾಯಿ ಮಗಳು ಎರಡೇ ಜನಕ್ಕೆ ಆರು ಯಾಕೆ ಎಂದು ಅವನ ಮನಸ್ಸು ಕೇಳಿತು. ಸ್ಟೋರಿನಲ್ಲಿ ಎರಡಿದ್ದ ಕಡೆ ಮೂರು ಕಂಡರೆ ಕಳ್ಳತನ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ; ಆ ರೋಗಕ್ಕೆ ಕನ್ನಡಕದಕ್ಕನ ಅಂಗಡಿಯಲ್ಲೂ ಗಾಜಿಲ್ಲ.

ಮಲಗುವ ಕೋಣೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಒಂದು ದೊಡ್ಡ ಕಂದು ಲಕೋಟೆ ಸಿಕ್ಕಿತು. ಪ್ರೇಮಪತ್ರ ಎಂದುಕೊಂಡೇ ಎಳೆದ. ಎಕ್ಸ್-ರೇ ಹಾಳೆ. ಕಿಟಕಿಗೆ ಹಿಡಿದ. ಮೊಣಕೈ ಕೆಳಗೆ ಎರಡು ಮುರಿದ ಎಲುಬು.

"ಇದು ಯಾರದು?"

"ಮಗಳದು. ಶಾಲೆ ಮೆಟ್ಟಿಲಿಂದ ಬಿದ್ದಿದ್ದಳು."

"ನನಗೆ ಹೇಳಲೇ ಇಲ್ಲ!" ಎಂದವನು ಮೂಲೆಯಲ್ಲಿದ್ದ ತಾರೀಕು ಓದಿದ. ಅವನು ಸ್ಟೇಷನ್ ಹತ್ತಿರದ ಕ್ಯಾಂಪಿನಲ್ಲಿದ್ದ ಹನ್ನೆರಡು ದಿನಗಳಲ್ಲಿ ಅದು ನಾಲ್ಕನೆಯದು.

ಹೆಂಡತಿ ಮಂಚದ ತುದಿಗೆ ಕೂತಳು. ಇಷ್ಟು ಹೊತ್ತೂ ತಣ್ಣಗಿದ್ದವಳ ದನಿ ಈಗ ನಡುಗಿತು.

"ಹೇಳೋಕೆ ಫೋನು ಮಾಡಿದ್ದೆ ರೀ. ಆಸ್ಪತ್ರೆಯಿಂದಲೇ ಮಾಡಿದೆ. ನಿಮ್ಮ ಆಫೀಸಿನ ಗುಮಾಸ್ತ ಏನಂದ ಗೊತ್ತಾ? 'ಸಾಹೇಬ್ರು ಊರಿಗೆ ಹೊರಟು ಆರು ದಿನ ಆಯ್ತಲ್ಲಮ್ಮ, ಇನ್ನೂ ಮನೆ ಸೇರಿಲ್ವಾ?' ಅಂದ. ರಜೆ ಹಾಕಿ ಮನೆಗೆ ಬರದೆ ಇರೋ ಗಂಡ ಎಲ್ಲಿಗೆ ಹೋಗಿರ್ತಾನೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ವರ್ಷದಿಂದ ದಿನಾ ಅವಳನ್ನೇ ಕಾಣ್ತಿದ್ದೀನಿ. ಅಂಗಡಿಗೆ ಯಾವಳಾದ್ರೂ ಚೆನ್ನಾಗಿರೋಳು ಬಂದು ಕನ್ನಡಕ ಹಾಕ್ಕೊಂಡ್ರೆ, ಹೀಗಿರಬಹುದಾ ಅವಳು ಅಂತ ಹೊಟ್ಟೆ ಉರಿಯುತ್ತೆ. ನೋಟಿಸು ಬಂದಾಗ ಅದಕ್ಕೇ ಕೇಳಲಿಲ್ಲ. ಕೇಳಿ, ಅವಳ ಹೆಸರು ನಿಮ್ಮ ಬಾಯಲ್ಲಿ ಕೇಳಿಸ್ಕೋಬೇಕಾ?"

"ಯಾವ ಅವಳು? ಯಾರೂ ಇಲ್ಲ!"

"ಹಾಗಾದ್ರೆ ಎಲ್ಲಿದ್ರಿ?"

ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಯಿತು ಅವನ ಬಾಯಲ್ಲಿ ಉತ್ತರ. ಹೇಳಿದರೆ ಬಾಗಿಲಿಗೆ ಬಂದು ಓಡಿಹೋದವನು ಎಂದು ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ತಪ್ಪೆಲ್ಲ ತನ್ನ ತಲೆಗೆ. ಅಪರಾಧಿ ಇವಳು, ಕಟಕಟೆಯಲ್ಲಿ ನಿಂತವನು ನಾನು, ಇದ್ಯಾವ ನ್ಯಾಯ ಎಂದು ರೇಗಿತು. ಆ ಶೂ ಸಿಕ್ಕಿದರೆ ಎರಡನ್ನೂ ಅವಳ ಮುಂದೆ ಕುಕ್ಕಿ ಆಮೇಲೆ ಮಾತಾಡಬೇಕು ಎಂದು ನಿರ್ಧರಿಸಿದ.

"ಅಟ್ಟದ ಮೇಲೆ ಏನಿದೆ?" ಎಂದ.

"ಹಳೆ ಸಾಮಾನು. ನೋಡ್ಕೊಳ್ಳಿ."

ಸ್ಟೂಲು ಹತ್ತಿದ. ಎರಡು ಕರಿ ಟ್ರಂಕು, ಒಂದು ಮುರಿದ ಛತ್ರಿ, ಸುತ್ತಿಟ್ಟ ಚಾಪೆ. ಅವುಗಳ ಮುಂದೆ, ಈಗತಾನೇ ಇಟ್ಟ ಹಾಗೆ, ಧೂಳಿಲ್ಲದ ಒಂದು ಬಟ್ಟೆಗಂಟು. ಬಿಚ್ಚಿದ. ಅವೇ. ಕರಿ ಬಣ್ಣ, ಹತ್ತನೇ ನಂಬರ್.

ಗೆದ್ದೆ ಎನಿಸಿತು. ಗೆದ್ದದ್ದಕ್ಕೆ ಅಳು ಬರುವ ಹಾಗೂ ಆಯಿತು. ಎರಡೂ ಶೂ ಹಿಡಿದು ಕೆಳಗಿಳಿದ. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಸಿಟ್ಟಿಗಿಂತ ಮುಂದೆ ಓಡುತ್ತದೆ. ಕುಕ್ಕುವ ಮೊದಲೇ ಹೆಬ್ಬೆರಳು ತಾನಾಗಿ ಬಲ ಶೂವಿನ ಮುಂದಿನ ಭಾಗ ಸವರಿತು. ಬೆರಳು ಬಾಗುವ ಕಡೆ ಚರ್ಮಕ್ಕೆ ಒಂದು ಗೆರೆ ಬೀಳಬೇಕು. ಹತ್ತು ಹೆಜ್ಜೆ ನಡೆದರೂ ಬೀಳುತ್ತದೆ. ಬಿದ್ದಿರಲಿಲ್ಲ. ಎಡದ್ದನ್ನು ನೋಡಿದ. ಅದಕ್ಕೂ ಇಲ್ಲ. ತಿರುಗಿಸಿದ, ಹಿಮ್ಮಡಿ ಸವೆದಿಲ್ಲ. ಒಳಗೆ ತುರುಕಿದ್ದ ಹಳೆ ಪೇಪರು ಎಳೆದು ಇಣುಕಿದ. ತಿಂಗಳೊಪ್ಪತ್ತಿನಲ್ಲಿ ಅಳಿಸಿಹೋಗಬೇಕಾದ ಕಂಪನಿಯ ಬಂಗಾರದ ಅಕ್ಷರ ಹೊಸದಾಗಿ ಹೊಳೆಯುತ್ತಿತ್ತು.

ಈ ಶೂಗಳ ಒಳಗೆ ಯಾವ ಗಂಡಸಿನ ಕಾಲೂ ಹೋಗಿರಲಿಲ್ಲ.

"ಓ, ಅದಾ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಅದು ಬಾಗಿಲಪ್ಪ."

"ಏನು?"

"ನಿಮ್ಮ ಮಗಳಿಟ್ಟ ಹೆಸರು. ಚಿಕ್ಕವಳಿದ್ದಾಗ ಅವಳಿಗೆ ಇಬ್ಬರು ಅಪ್ಪ. ಕಾಗದ ಬರೆಯೋ ಅಪ್ಪ ಒಬ್ಬ, ಬಾಗಿಲಲ್ಲಿರೋ ಅಪ್ಪ ಒಬ್ಬ." ಅವಳು ಒಂದು ಶೂ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. "ನೀವು ಮೊದಲ ಸಲ ಗಡಿಗೆ ಹೋದ ವರ್ಷ ಒಬ್ಬ ಮೂರು ದಿನ ನನ್ನ ಹಿಂದೆ ಹಿಂದೆ ಬಂದ. ನಾಲ್ಕನೇ ದಿನ ಬಾಗಿಲು ತಳ್ಳಿ ನೋಡಿದ. ಮಗು ಎದೆಗವುಚಿಕೊಂಡು ಅಡುಗೆಮನೆ ಮೂಲೇಲಿ ಕೂತಿದ್ದೆ. ಮಾರನೇ ದಿನ ಹೋಗಿ ಚಿಲಕ ತಂದೆ, ಇದನ್ನ ತಂದೆ. ಅಂಗಡಿಯವನು 'ಯಜಮಾನ್ರು ಅಷ್ಟು ಎತ್ತರನಾ?' ಅಂದ. 'ಬಾಗಿಲಲ್ಲಿ ಬಗ್ಗಿಯೇ ಬರ್ತಾರೆ' ಅಂದೆ. ದಿನಾ ಒಂದೊಂದು ಥರ ಜರುಗಿಸಿ ಇಡ್ತೀನಿ, ತಂತಿ ಮೇಲೆ ನಿಮ್ಮ ಹಳೇ ಶರ್ಟು ನೆನೆಸಿ ಹಾಕ್ತೀನಿ. ಮನೇಲಿ ಗಂಡಸಿದ್ದಾನೆ ಅಂತ ಕಾಣಬೇಕಲ್ಲ."

"ನನ್ನದೇ ಹಳೆ ಬೂಟು ಇತ್ತಲ್ಲ!"

"ಏಳನೇ ನಂಬರಿಗೆ ಯಾವ ಕಳ್ಳ ಹೆದರ್ತಾನೆ ರೀ?"

ಈ ಹೊತ್ತಿನಲ್ಲೂ ಆ ಮಾತು ಅವನಿಗೆ ಚುಚ್ಚಿತು. "ನಾನು ಬಂದಾಗ ಯಾಕೆ ಇರ್ತಿರಲಿಲ್ಲ?"

"ನೀವೇ ಇದ್ದಾಗ ಅದ್ಯಾಕೆ? ಅಟ್ಟಕ್ಕೆ ಹಾಕ್ತಿದ್ದೆ. ಇವತ್ತೂ ನೀವು ಬರ್ತೀರಿ ಅಂತ ಕೈ ತಾನಾಗಿ ಎತ್ತಿಟ್ಟಿತು, ಹಳೇ ರೂಢಿ."

"ಒಂದು ಮಾತು ನನಗೆ ಬರೀಬಾರದಾಗಿತ್ತಾ?"

"ಗಡಿಯಲ್ಲಿರೋನಿಗೆ ಮನೆ ಹೆದರಿಕೆ ಬರೀಬೇಡ, ಅವನ ಗಮನ ತಪ್ಪಿದ್ರೆ ಜೀವ ಹೋಗುತ್ತೆ ಅಂತ ಅತ್ತೆ ಹೇಳಿಕೊಟ್ಟಿದ್ರು. ನಮ್ಮಂಥೋರ ಮನೇಲಿ ಎಲ್ಲ ಹೆಂಗಸರೂ ಹಾಗೇ ಅಲ್ವಾ ಬರೆಯೋದು? ಎಲ್ಲ ಕ್ಷೇಮ. ಮಗು ಆರಾಮ. ಚಿಂತೆ ಬೇಡ."

ಸಾಹೇಬ ಸ್ಟೂಲಿನ ಮೇಲೆ ಕೂತ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಊರವರ ಬೂಟನ್ನೆಲ್ಲ ತಿರುಗಿಸಿ ಮುರುಗಿಸಿ ಪ್ರಮಾಣಿಸಿದವನು ತನ್ನ ಮನೆ ಬಾಗಿಲಿನದನ್ನು ಎಂಟು ಹೆಜ್ಜೆ ದೂರದಿಂದ ನಂಬರು ಹೇಳಿ ಮುಗಿಸಿದ್ದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೇಳಿದ. ಅಡುಗೆಯವನು ಕೇಳಿದ್ದು, ಟ್ರಂಕು ಹೊತ್ತು ಬಂದದ್ದು, ಗೇಟಿನ ಹತ್ತಿರ ನಿಂತದ್ದು, ಹನ್ನೆರಡು ದಿನ ಕ್ಯಾಂಪಿನಲ್ಲಿ ಬಿದ್ದಿದ್ದು, ಬ್ಯಾಂಕಿನ ಕಾವಲುಗಾರನ ಕಾಲು. ತಲೆ ಎತ್ತದೆ ಹೇಳಿದ.

ಕಾವಲುಗಾರನ ಮಾತಿಗೆ ಅವಳು ನಗಬಹುದೆಂದು ಒಂದು ಆಸೆಯಿತ್ತು. ನಗಲಿಲ್ಲ.

"ಹೆಂಗಸು ಯಾರೂ ಇರಲಿಲ್ವಾ?" ಎಂದಷ್ಟೇ ಕೇಳಿದಳು.

"ನಿನ್ನಾಣೆ, ಇಲ್ಲ."

ಅವಳು ಕೈಯಲ್ಲಿದ್ದ ಶೂವಿನೊಳಕ್ಕೆ ಹಳೆ ಪೇಪರನ್ನು ಮತ್ತೆ ತುರುಕಿದಳು.

"ತಪ್ಪಾಯ್ತು," ಎಂದ ಸಾಹೇಬ. "ಮನೆ ನಿನಗೇ ಇರಲಿ. ಕೋರ್ಟಿನ ಕಾಗದವನ್ನೂ ವಾಪಸು ತಗೊಳ್ಳೋಣ. ನಾನು... ಬಂದುಬಿಡ್ತೀನಿ."

"ಮನೆ ನನ್ನ ಹೆಸರಿಗೆ ಬರೀರಿ," ಎಂದಳು. ದನಿ ಮತ್ತೆ ತಣ್ಣಗಾಗಿತ್ತು. "ಪಿಂಚಣಿಯಲ್ಲಿ ನನ್ನ ಪಾಲು ಬೇಡ ಅಂತಾನೂ ಬರೀರಿ. ದಾನ ಬೇಡ ನನಗೆ. ಆಮೇಲೆ ಈ ಶೂನೂ ಬರೀರಿ, ಲಿಸ್ಟು ಪೂರ್ತಿ ಆಗಲಿ."

ಬರೆದ. ಗಂಡಸಿನ ಶೂ, ಕರಿ, ಹತ್ತನೇ ನಂಬರ್, ಒಂದು ಜೊತೆ. ಸ್ಥಿತಿ, ಹೊಸದು.

"ಹೊಸದಲ್ಲ," ಎಂದಳು ಹೆಂಡತಿ, ಅವನ ಭುಜದ ಹಿಂದಿನಿಂದ ಬಗ್ಗಿ ಓದಿ. "ಹದಿನಾರು ವರ್ಷ ದುಡಿದಿದೆ. ಆದ್ರೆ ಒಂದು ಮಾತು ಹೇಳ್ತೀನಿ ಕೇಳಿ. ಮೂರು ದಿನ ನನ್ನ ಹಿಂದೆ ಬಂದೋನು ಶೂ ಇಟ್ಟ ಮೇಲೂ ಒಂದು ಸಲ ಬಂದು ಬಾಗಿಲು ಬಡಿದ. ಪಕ್ಕದ ಮನೆಯೋರು ಗದರಿಸಿದ ಮೇಲೇ ಹೋಗಿದ್ದು. ಆಮೇಲೆ ಒಬ್ಬ ಕುಡುಕ ಬಂದ, ಅವನೂ ಬಡಿದ. ಇಷ್ಟು ವರ್ಷದಲ್ಲಿ ಈ ಶೂ ನೋಡಿ, ಬಾಗಿಲೂ ಬಡಿಯದೆ ವಾಪಸ್ ಹೋದವರು ನೀವೊಬ್ಬರೇ."

ಸಾಹೇಬ ಸ್ಥಿತಿಯ ಮನೆಯಲ್ಲಿ 'ಹೊಸದು' ಎಂಬುದನ್ನು ಹೊಡೆದುಹಾಕಿದ. ಬದಲಿಗೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಅವನು ಖಾಲಿ ಬಿಟ್ಟ ಮೊದಲ ಮನೆ ಅದು. ಕೊಟ್ಟವರು ಎಂಬಲ್ಲಿ ಅವನು ಸಹಿ ಹಾಕಿದ, ಪಡೆದವರು ಎಂಬಲ್ಲಿ ಅವಳು ಹಾಕಿದಳು.

ಅವನು ಮೆಟ್ಟಿಲಿಳಿಯುವಾಗ ಅವಳು ಹಿಂದೆಯೇ ಬಂದು ಬಾಗಿಲ ಪಕ್ಕ ಶೂ ಇಟ್ಟಳು. ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಬಾಗಿಲು ಮುಚ್ಚಿತು. ಒಂದು ಚಿಲಕ, ಎರಡು, ಮೂರು.

ಗೇಟಿನ ಹತ್ತಿರ ಹೋಗಿ ಅವನು ತಿರುಗಿದ. ಎಂಟು ಹೆಜ್ಜೆ ದೂರ. ಎಲ್ಲ ಗೊತ್ತಿದ್ದೂ ಹೊಟ್ಟೆಕಿಚ್ಚಾಯಿತು. ಯಾವನೂ ಹಾಕದ ಆ ಶೂಗಳ ಮೇಲೆಯೇ ಆಯಿತು. ಮಗಳು ಅಪ್ಪ ಎಂದು ಕರೆದದ್ದು ಅವನ್ನು. ಹೆಂಡತಿ ದಿನಾ ಒರೆಸಿ ಇಟ್ಟದ್ದು ಅವನ್ನು. ಅವು ಇದ್ದಲ್ಲೇ ಇದ್ದವು, ತಾನು ಇರಲಿಲ್ಲ.

ಸರಸರನೆ ವಾಪಸು ನಡೆದ. ಮೂರು ಮೆಟ್ಟಿಲು ಹತ್ತಿ ಬಾಗಿಲು ಬಡಿದ. ಜೋರಾಗಿಯೇ ಬಡಿದ.

ಮೂರು ಚಿಲಕ ಸರಿಯಿತು. ಹೆಂಡತಿ ಕನ್ನಡಕ ಏರಿಸಿ ನೋಡಿದಳು. "ಏನಾದ್ರೂ ಮರೆತ್ರಾ?"

"ಇಲ್ಲ," ಎಂದ. "ಸುಮ್ಮನೆ ಬಡಿದೆ."

ಅವಳ ತುಟಿ ಅಲುಗಿತು. ಕಣ್ಣು ತುಂಬಿತು. ಒಳಗೆ ಬನ್ನಿ ಎನ್ನುತ್ತಾಳೇನೋ ಎಂದು ಅವನು ಕಾಲಿನ ಬೂಟಿನ ದಾರಕ್ಕೆ ಕೈ ಹಾಕಿದ.

"ಸೋಮವಾರ ಹನ್ನೊಂದು ಗಂಟೆಗೆ ಕೋರ್ಟು," ಎಂದಳು ಅವಳು. "ತಡ ಮಾಡಬೇಡಿ." ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಬಗ್ಗಿದವನಿಗೆ ಪಕ್ಕದ ಶೂ ಕಂಡಿತು. ವಾಪಸು ಬರುವಾಗ ಅವನ ಕಾಲು ತಾಗಿ ಒಂದು ಮಗುಚಿಬಿದ್ದಿತ್ತು. ಅದನ್ನೆತ್ತಿ, ಅಂಗೈಯಿಂದ ಧೂಳು ಒರೆಸಿ, ಇನ್ನೊಂದಕ್ಕಿಂತ ಸ್ವಲ್ಪ ಮುಂದೆ, ಯಾರೋ ಈಗಷ್ಟೇ ಒಳಗೆ ಹೋದ ಹಾಗೆ ಕಾಣುವಂತೆ ಇಟ್ಟು, ಗೇಟು ಹಾಕಿಕೊಂಡು ಹೋದ.